ಮಿದುಳಿನ ಪಟವೂ ಮನಸ್ಸಿನ ಖಿನ್ನತೆಯೂ

ನಮ್ಮ ವಾಚಕರಾದ ಗೃಹಸ್ಥರೊಬ್ಬರು ಕಳೆದ ತಿಂಗಳು ನಮಗೊಂದು ದೀರ್ಘವಾದ ಕಾಗದವನ್ನು ಬರೆದಿರುವರು. ಅವರ ತಮ್ಮನ ಹೆಂಡತಿಯು ಚೊಚ್ಚಲ ಹೆರಿಗೆಯಾದಂದಿನಿಂದ, ಅಂದರೆ ಈಗ್ಗೆ ಮೂರು ತಿಂಗಳಿಂದ, ಊಟನಿದ್ರೆಗಳಲ್ಲಿ ಆಸಕ್ತಿಯಿಲ್ಲದೆ, ಮಗುವನ್ನು ಎತ್ತಿಕೊಳ್ಳುವುದಕ್ಕೂ ಮನಸ್ಸಿಲ್ಲದೆ, ಗೋಡೆಯ ಕಡೆಗೆ ಮುಖಮಾಡಿ ಮಲಗಿರುವಳಂತೆ. ಮನೆಯವರು ಸಾಲ ಮಾಡಿ ಪಟ್ಟಣಕ್ಕೆ ಕರೆದೊಯ್ದು ತಲೆಯ ಎಂ.ಆರ್.ಐ. ಪಟವನ್ನು ತೆಗೆಯಿಸಿದರು. ದೋಷವೇನೂ ಕಾಣದೆಂದು ವರದಿ ಬಂದಿತು. ಅಂದಿನಿಂದ ಹಿರಿಯರು, “ಯಂತ್ರಕ್ಕೇ ಕಾಣದ ರೋಗ ಇವಳಿಗೆಲ್ಲಿಂದ ಬಂತು? ಇದೆಲ್ಲ ಸೋಗು” ಎಂದು ಆಡತೊಡಗಿರುವರು. ಖಿನ್ನತೆಯೆಂಬುದು ಮಿದುಳಿನ ರಾಸಾಯನಿಕಗಳ ಏರುಪೇರಿನಿಂದ ಬರುವುದೆಂದು ವೈದ್ಯರು ಹೇಳುವುದು ನಿಜವಾದರೆ, ಆ ಏರುಪೇರನ್ನು ಕಣ್ಣಿಗೆ ತೋರಿಸಿಕೊಡುವ ಬೇರೆ ಯಂತ್ರವೇನಾದರೂ ಉಂಟೆ, ಉಂಟಾದರೆ ಅದಕ್ಕೆಷ್ಟು ಖರ್ಚು ತಗಲೀತು ಎಂಬುದು ಆ ಮಹನೀಯರ ಪ್ರಶ್ನೆ.

ಉತ್ತರವನ್ನು ಮೊದಲೇ ಹೇಳಿಬಿಡುವುದು ಲೇಸು. ಇಂಥವರಿಗೆ ಖಿನ್ನತೆಯಿದೆ, ಇಂಥವರಿಗಿಲ್ಲ ಎಂದು ತೀರ್ಪು ಕೊಡುವುದಕ್ಕಾಗಿ ಬಳಕೆಯಲ್ಲಿರುವ ಯಂತ್ರವು ಇಂದಿಗೂ ಇಲ್ಲ. ವೈದ್ಯರು ಎಂ.ಆರ್.ಐ. ಮಾಡಿಸುವುದು ಗಡ್ಡೆ, ರಕ್ತಸ್ರಾವ, ಬಾವು ಮುಂತಾದವು ಇಲ್ಲವಷ್ಟೆ ಎಂದು ನೋಡಿಕೊಳ್ಳುವ ಸಲುವಾಗಿ. ಆ ಪಟವು ಮನೆಯ ಗೋಡೆ ತೊಲೆಗಳು ನೆಟ್ಟಗಿವೆಯೆಂದು ತಿಳಿಸೀತೇ ಹೊರತು ಅಡಿಗೆಮನೆಯಲ್ಲಿ ಒಲೆ ಉರಿಯುತ್ತಿದೆಯೆ, ಆರಿದೆಯೆ ಎಂಬುದನ್ನು ತಿಳಿಸಲಾರದು. ಹೀಗಿರಲಾಗಿ, ವರದಿ ಚೆನ್ನಾಗಿದೆಯೆಂದು ಆ ಹುಡುಗಿಯ ರೋಗವನ್ನು ಸೋಗೆಂದು ಕರೆಯುವುದು ಯಂತ್ರವು ಹೇಳದ ಮಾತನ್ನು ಯಂತ್ರದ ಬಾಯಲ್ಲಿ ತುರುಕಿದಂತೆ.

ಹಾಗೆಂದ ಮಾತ್ರಕ್ಕೆ ಜೀವಂತ ಮನುಷ್ಯನ ಮಿದುಳಿನ ರಾಸಾಯನಿಕಗಳನ್ನು ಅರಿಯುವ ಉಪಾಯವೇ ಇಲ್ಲವೆಂದಲ್ಲ. ಉಪಾಯವುಂಟು, ಅದರಿಂದ ತಿಳಿದುಬಂದ ಸಂಗತಿಗಳೂ ಅನೇಕವಿವೆ. ಅವುಗಳಲ್ಲಿ ಒಂದಂತೂ ಬಾಣಂತಿಯಿರುವ ಪ್ರತಿಯೊಂದು ಮನೆಯವರೂ ತಿಳಿದಿರತಕ್ಕದ್ದು. ಆದಕಾರಣ ಈ ತಿಂಗಳ ನಮ್ಮ ಪುಟಗಳನ್ನು ಈ ವಿಷಯಕ್ಕೇ ಮೀಸಲಿಟ್ಟಿರುವೆವು.

ಆ ಉಪಾಯದ ಹೆಸರು ಪೆಟ್, ಎಂದರೆ ಪಾಸಿಟ್ರಾನ್ ಚಿತ್ರಣ. ಇದನ್ನು 1970ರ ದಶಕದಲ್ಲಿ ಅಮೇರಿಕಾದ ಸೇಂಟ್ ಲೂಯಿ ಪಟ್ಟಣದ ವಾಷಿಂಗ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಮೈಕೇಲ್ ಫೆಲ್ಪ್ಸ್, ಎಡ್ವರ್ಡ್ ಹಾಫ್‌ಮನ್, ಮೈಕೆಲ್ ಟೆರ್-ಪೊಗೋಸಿಯನ್ ಮೊದಲಾದವರು ರೂಪಿಸಿದರು. ಮಿದುಳಿನ ಒಂದಾನೊಂದು ಅಂಶಕ್ಕೆ ಹೋಗಿ ಅಂಟಿಕೊಳ್ಳುವ ದ್ರವ್ಯವೊಂದನ್ನು ಆರಿಸಿಕೊಂಡು, ಅದರಲ್ಲಿರುವ ಇಂಗಾಲದ ಪರಮಾಣುವಿನ ಸ್ಥಾನದಲ್ಲಿ ವಿಕಿರಣಶೀಲವಾದ ಇಂಗಾಲವನ್ನು ಸೇರಿಸುವರು. ಇದನ್ನು ಅತ್ಯಲ್ಪ ಪ್ರಮಾಣದಲ್ಲಿ ರಕ್ತನಾಳಕ್ಕೆ ಚುಚ್ಚಿದರೆ ಅದು ಮಿದುಳನ್ನು ಸೇರಿ ತನ್ನ ಸ್ಥಾನದಲ್ಲಿ ನೆಲೆಸುತ್ತದೆ. ಆ ಪರಮಾಣುವು ಕ್ಷಯಿಸುವಾಗ ಪಾಸಿಟ್ರಾನೆಂಬ ಕಣವನ್ನು ಹೊರಗೆ ಬಿಡುತ್ತದೆ. ಪಾಸಿಟ್ರಾನು ನೆರೆಯ ಎಲೆಕ್ಟ್ರಾನನ್ನು ಸಂಧಿಸಿದೊಡನೆ ಎರಡೂ ಅಳಿದು, ಒಂದಕ್ಕೊಂದು ಎದುರಾದ ದಿಕ್ಕುಗಳಲ್ಲಿ ಎರಡು ಗಾಮಾ ಕಿರಣಗಳು ಹೊರಡುತ್ತವೆ. ತಲೆಯ ಸುತ್ತಲೂ ಬಳೆಯಂತೆ ಜೋಡಿಸಿದ ಸಾಧನಗಳು ಈ ಜೋಡಿ ಕಿರಣಗಳನ್ನು ಹಿಡಿದು, ಅವು ಎಲ್ಲಿಂದ ಹೊರಟವೆಂಬುದನ್ನು ಲೆಕ್ಕ ಹಾಕಿ ಚಿತ್ರವನ್ನು ಬರೆಯುತ್ತವೆ. ಈ ಇಂಗಾಲವು ಪ್ರತಿ 20 ನಿಮಿಷಗಳಿಗೊಮ್ಮೆ ಅರ್ಧದಷ್ಟಾಗಿ ಕರಗಿಹೋಗುವುದರಿಂದ ಅದನ್ನು ದೂರದ ಊರಿನಿಂದ ತರಿಸುವಂತಿಲ್ಲ. ಸೈಕ್ಲೋಟ್ರಾನೆಂಬ ದೊಡ್ಡ ಯಂತ್ರವನ್ನು ಆಸ್ಪತ್ರೆಯ ಮಗ್ಗುಲಲ್ಲಿಯೇ ಇಟ್ಟುಕೊಂಡು ಆಗಿಂದಾಗ್ಗೆ ತಯಾರಿಸಬೇಕು. ಇಷ್ಟರಿಂದಲೇ ಖರ್ಚಿನ ಅಂದಾಜು ವಾಚಕರಿಗೆ ಆಗಿರಬಹುದು.

ಚಿತ್ರದಿಂದ ರಾಸಾಯನಿಕದ ಪ್ರಮಾಣವನ್ನು ತಿಳಿಯುವುದು ಹೇಗೆ? ಮದುವೆಯ ಮನೆಯ ಪಂಕ್ತಿಯನ್ನು ನೆನೆದುಕೊಳ್ಳಿರಿ. ನೂರು ಎಲೆ ಹಾಕಿದೆ. ಮನೆಯ ನಂಟರು ಎಂಬತ್ತು ಮಂದಿ ಕುಳಿತುಬಿಟ್ಟರೆ ಹೊರಗಿನಿಂದ ಬಂದವರಿಗೆ ಇಪ್ಪತ್ತೇ ಎಲೆ. ಹೊರಗಿನವರೆಲ್ಲರ ಕೈಯಲ್ಲಿಯೂ ಒಂದೊಂದು ದೀಪವಿದೆಯೆಂದು ಭಾವಿಸಿದರೆ, ಕತ್ತಲೆಯಲ್ಲಿ ದೂರದಿಂದ ನೋಡುವವನು ಕುಳಿತ ದೀಪಗಳನ್ನು ಎಣಿಸಿ, ನಂಟರು ಎಷ್ಟು ಮಂದಿ ಬಂದಿರಬಹುದೆಂದು ಊಹಿಸಬಲ್ಲನು. ಎಲೆಗಳೆಂದರೆ ನರಕೋಶಗಳ ಮೇಲಿನ ಗ್ರಾಹಕಗಳು. ನಂಟರೆಂದರೆ ಮಿದುಳಿನ ಸ್ವಂತ ರಾಸಾಯನಿಕಗಳಾದ ಸೆರೊಟೋನಿನ್, ಡೋಪಮೀನ್ ಮೊದಲಾದುವು. ದೀಪ ಹಿಡಿದವರು ಚುಚ್ಚಿದ ದ್ರವ್ಯ. ಆದರೆ ಒಂದು ತೊಡಕುಂಟು. ದೀಪಗಳು ಕಡಮೆಯಾಗಿ ಕಂಡರೆ ನಂಟರು ಹೆಚ್ಚಾಗಿರುವರೋ, ಎಲೆಗಳನ್ನೇ ಕಡಮೆ ಹಾಕಿದೆಯೋ ಎಂಬುದು ಒಂದೇ ನೋಟಕ್ಕೆ ತಿಳಿಯದು. ಈ ತೊಡಕು ಇಂದಿಗೂ ಸಂಶೋಧಕರನ್ನು ಕಾಡುತ್ತಿದೆ.

ಮನುಷ್ಯನ ಮಿದುಳಿನ ಡೋಪಮೀನ್ ಗ್ರಾಹಕಗಳ ಚಿತ್ರವನ್ನು ಈ ಬಗೆಯಲ್ಲಿ ಮೊತ್ತಮೊದಲು ತೆಗೆದುದು 1983ರಲ್ಲಿ, ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯಲ್ಲಿ. ಆ ಪ್ರಯೋಗಕ್ಕೆ ತಲೆಯೊಡ್ಡಿದವರು ಅದರ ಮುಖಂಡರಾದ ಡಾಕ್ಟರ್ ಹೆನ್ರಿ ವ್ಯಾಗ್ನರ್ ಅವರೇ. ಪರರ ತಲೆಗಿಂತ ಮೊದಲು ತನ್ನ ತಲೆಯನ್ನೊಡ್ಡಿದ ಈ ಪಂಡಿತರ ನಡತೆ ನಮಗೆ ಬಹಳ ಹಿಡಿಸಿತು.

ಇನ್ನು, ಖಿನ್ನತೆಗೂ ಮಿದುಳಿನ ರಾಸಾಯನಿಕಗಳಿಗೂ ಸಂಬಂಧವುಂಟೆಂಬ ಊಹೆ ಎಲ್ಲಿಂದ ಹುಟ್ಟಿತು? ಇದರ ಒಂದು ಬೇರು ನಮ್ಮ ನಾಡಿನ ಕಾಡಿನಲ್ಲಿಯೇ ಇದೆ. ಸರ್ಪಗಂಧದ ಬೇರನ್ನು ನಮ್ಮ ವೈದ್ಯರು ಬಹುಕಾಲದಿಂದ ಬಲ್ಲರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಅದು ರಕ್ತದ ಒತ್ತಡವನ್ನೂ ಉನ್ಮಾದವನ್ನೂ ಇಳಿಸುವುದೆಂದು ಬರೆದರು. 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರ ಲೇಖನದಿಂದ ಇದು ಯೂರೋಪಿನವರ ಕಿವಿಗೂ ಬಿದ್ದಿತು. 1952ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ಆ ಬೇರಿನಿಂದ ರಿಸರ್ಪೀನೆಂಬ ಸಾರವನ್ನು ಬೇರ್ಪಡಿಸಿದರು. ಅದನ್ನು ಸೇವಿಸಿದ ಕೆಲವರು ಖಿನ್ನರಾದರೆಂದು ವೈದ್ಯರು ಬರೆದರು. ಅದು ಪ್ರಾಣಿಗಳ ದೇಹದಲ್ಲಿ ಸೆರೊಟೋನಿನ್ನಿನ ಸಂಗ್ರಹವನ್ನು ಬರಿದುಮಾಡುವುದೆಂದು 1955ರಲ್ಲಿ ಅಮೇರಿಕಾದ ಬ್ರೋಡಿ ಮೊದಲಾದವರು ಕಂಡುಹಿಡಿದರು. (ರಿಸರ್ಪೀನಿನಿಂದ ಖಿನ್ನತೆ ಬರುವುದೆಂಬುದು ಅಷ್ಟು ನಿಶ್ಚಿತವಲ್ಲವೆಂದು ಆಮೇಲಿನವರು ವಾದಿಸಿರುವರು.) ಇದೇ ಕಾಲದಲ್ಲಿ, ಎಂದರೆ 1952ರಲ್ಲಿ, ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಐಪ್ರೋನಿಯಜಿಡ್ ಎಂಬ ಔಷಧವನ್ನು ಕೊಟ್ಟಾಗ, ಹಾಸಿಗೆ ಹಿಡಿದಿದ್ದವರು ಎದ್ದು ನಗುತ್ತ ಓಡಾಡತೊಡಗಿದರು. ಆ ಔಷಧವು ಸೆರೊಟೋನಿನ್, ಡೋಪಮೀನ್ ಮುಂತಾದುವನ್ನು ಒಡೆದುಹಾಕುವ ಮಾನೋಅಮೀನ್ ಆಕ್ಸಿಡೇಸ್ ಎಂಬ ಕಿಣ್ವವನ್ನು ತಡೆಯುವುದೆಂದು ತಿಳಿದುಬಂದಿತು. ಈ ಕಿಣ್ವದ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಕೋರುವೆವು; ಮುಂದೆ ಅದರಿಂದ ನಮಗೆ ಕೆಲಸವಿದೆ.

ಒಂದು ಔಷಧ ಬರಿದುಮಾಡಿದರೆ ದುಃಖ, ಇನ್ನೊಂದು ಔಷಧ ತುಂಬಿದರೆ ಉಲ್ಲಾಸ: ಇಷ್ಟರಿಂದ ಖಿನ್ನತೆಯೆಂದರೆ ಸೆರೊಟೋನಿನ್ನಿನ ಕೊರತೆ ಎಂಬ ಸುಲಭವಾದ ಸೂತ್ರವು ಹುಟ್ಟಿ, 1987ರಲ್ಲಿ ಅಮೇರಿಕಾದಲ್ಲಿ ಫ್ಲುಯೋಕ್ಸೆಟೀನ್ ಔಷಧಕ್ಕೆ ಅನುಮತಿ ದೊರೆತ ಮೇಲೆ ಜಾಹೀರಾತುಗಳ ಮೂಲಕ ಮನೆಮನೆಗೂ ಮುಟ್ಟಿತು. ಉಪ್ಪು ಕಡಮೆಯಾದ ಸಾರಿಗೆ ಉಪ್ಪು ಹಾಕಿದಂತೆ ಎಂದು ಜನ ತಿಳಿದರು.

ಮಿದುಳಿನ ಚಿತ್ರಗಳು ಈ ಸೂತ್ರವನ್ನು ಪೂರ್ತಿಯಾಗಿ ಎತ್ತಿಹಿಡಿಯಲಿಲ್ಲ. ಸೆರೊಟೋನಿನ್ನಿನ ಒಂದು ಬಗೆಯ ಗ್ರಾಹಕವು ಖಿನ್ನರಲ್ಲಿ ಕಡಮೆಯೆಂದು 1999ರಲ್ಲಿ ಪಿಟ್ಸ್‌ಬರ್ಗಿನವರು ಬರೆದರು. ಅದೇ ಗ್ರಾಹಕವು ಹೆಚ್ಚೆಂದು 2006ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾದವರು ಬರೆದರು. ಇಬ್ಬರೂ ಬಳಸಿದ ದ್ರವ್ಯವು ಒಂದೇ. ಮಿದುಳಿನ ಯಾವ ಭಾಗವನ್ನು ಹೋಲಿಕೆಗೆ ಅಳತೆಗೋಲಾಗಿ ಇಟ್ಟುಕೊಳ್ಳಬೇಕು, ಲೆಕ್ಕವನ್ನು ಹೇಗೆ ಹಾಕಬೇಕು ಎಂಬಲ್ಲಿಯೇ ಅವರಿಗೆ ಭೇದವಿತ್ತು. 2022ರಲ್ಲಿ ಲಂಡನಿನ ಜೊಆನಾ ಮಾನ್‌ಕ್ರೀಫ್ ಮೊದಲಾದವರು ಇಂತಹ ಎಲ್ಲ ಬಗೆಯ ಶೋಧನೆಗಳನ್ನು ಕಲೆಹಾಕಿ ನೋಡಿ, ಸೆರೊಟೋನಿನ್ ಕಡಮೆಯಾಗುವುದರಿಂದಲೇ ಖಿನ್ನತೆ ಬರುವುದೆಂಬುದಕ್ಕೆ ಸುಸಂಗತವಾದ ಪ್ರಮಾಣ ದೊರೆಯಲಿಲ್ಲವೆಂದು ಸಾರಿದರು. ಪತ್ರಿಕೆಗಳಲ್ಲಿ ಇದನ್ನೋದಿದ ಕೆಲವರು, ಹಾಗಾದರೆ ಗುಳಿಗೆಗಳೆಲ್ಲ ಮೋಸವೆಂದು ತೀರ್ಮಾನಿಸಿದರು. ಇದು ತಪ್ಪು ತರ್ಕ. ಜ್ವರಕ್ಕೆ ಪ್ಯಾರಾಸಿಟಮಾಲ್ ಉಪಶಮನ ಕೊಟ್ಟರೆ, ದೇಹದಲ್ಲಿ ಪ್ಯಾರಾಸಿಟಮಾಲಿನ ಕೊರತೆಯಿಂದ ಜ್ವರ ಬಂದಿತೆಂದು ಯಾರೂ ಹೇಳುವುದಿಲ್ಲ. ಕೊರತೆಯಿಂದ ಬಂದುದಲ್ಲವೆಂದು ಗುಳಿಗೆಯನ್ನು ಬಿಸಾಡುವುದೂ ಇಲ್ಲ.

ಅಷ್ಟರಲ್ಲಿಯೇ ಲಂಡನಿನ ಇಂಪೀರಿಯಲ್ ಕಾಲೇಜಿನವರು ಹೊಸದೊಂದು ಪ್ರಯೋಗವನ್ನು ಪ್ರಕಟಿಸಿದರು. ಕೆರೆಯ ನೀರಿನ ಮಟ್ಟವನ್ನು ನೋಡುವುದು ಬೇರೆ, ತೂಬನ್ನು ಎತ್ತಿದಾಗ ಎಷ್ಟು ನೀರು ಹರಿಯುತ್ತದೆಂದು ನೋಡುವುದು ಬೇರೆ. ಇವರು ಎರಡನೆಯದನ್ನು ಮಾಡಿದರು. 20 ಮಂದಿ ಆರೋಗ್ಯವಂತರನ್ನೂ 17 ಮಂದಿ ಖಿನ್ನರನ್ನೂ ಆರಿಸಿಕೊಂಡು (ಈ 17 ಮಂದಿಯಲ್ಲಿ ಐವರಿಗೆ ಪಾರ್ಕಿನ್ಸನ್ ರೋಗವೂ ಇತ್ತು), ಮೊದಲೊಂದು ಚಿತ್ರ, ಸೆರೊಟೋನಿನ್ನನ್ನು ಹೊರಡಿಸುವ ಔಷಧವನ್ನು ಕೊಟ್ಟು ಕೆಲವು ಗಂಟೆಗಳ ಮೇಲೆ ಇನ್ನೊಂದು ಚಿತ್ರ, ಹೀಗೆ ತೆಗೆದರು. ಮೊದಲ ಚಿತ್ರದಲ್ಲಿ ಎರಡು ಗುಂಪುಗಳಿಗೂ ಭೇದವಿರಲಿಲ್ಲ. ಎರಡನೆಯದರಲ್ಲಿ ಆರೋಗ್ಯವಂತರ ಪಂಕ್ತಿಯಿಂದ ದೀಪ ಹಿಡಿದವರು ಎದ್ದುಹೋಗಿದ್ದರು, ಎಂದರೆ ನಂಟರು ಬಂದು ಕುಳಿತಿದ್ದರು. ಖಿನ್ನರಲ್ಲಿ ಹಾಗೆ ಗಣನೀಯವಾಗಿ ಆಗಲಿಲ್ಲ. ಸಂಗ್ರಹವಿರಲಿ ಬಿಡಲಿ, ಹರಿಸುವ ಶಕ್ತಿಯು ಕುಂದಿದೆಯೆಂದು ಇದರಿಂದ ಅವರು ಊಹಿಸಿದರು. ಮೂವತ್ತೇಳು ಜನರ ಮೇಲಿನ ಪ್ರಯೋಗವನ್ನು ಸಿದ್ಧಾಂತವೆಂದು ಕರೆಯಲು ನಮಗೆ ಧೈರ್ಯ ಸಾಲದು. ಆದರೂ ಪ್ರಶ್ನೆಯನ್ನು ಸರಿಯಾಗಿ ಕೇಳಿರುವರೆಂದು ನಮ್ಮ ಅಭಿಪ್ರಾಯ.

ಔಷಧದ ವಿಷಯದಲ್ಲಿ ಈ ಚಿತ್ರಗಳಿಂದ ತಿಳಿದ ಒಂದು ಸಂಗತಿಯು ಗೃಹಸ್ಥರಿಗೆ ನೇರವಾಗಿ ಉಪಯುಕ್ತವಾದುದು. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಗುಳಿಗೆಗಳು ಹೊರಸೂಸಿದ ಸೆರೊಟೋನಿನ್ನನ್ನು ನರಕೋಶವು ಮರಳಿ ಒಳಗೆಳೆದುಕೊಳ್ಳುವ ಬಾಗಿಲನ್ನು ಮುಚ್ಚುತ್ತವೆ. ಟೊರಾಂಟೋ ನಗರದ ಜೆಫ್ರಿ ಮೇಯರ್ ಮೊದಲಾದವರು 2004ರಲ್ಲಿ ಇಂತಹ ಐದು ಔಷಧಗಳನ್ನು ಪರೀಕ್ಷಿಸಿ, ವೈದ್ಯರು ಸಾಮಾನ್ಯವಾಗಿ ಕೊಡುವ ಕನಿಷ್ಠ ಪ್ರಮಾಣದಲ್ಲಿಯೇ ಈ ಬಾಗಿಲುಗಳಲ್ಲಿ ನೂರಕ್ಕೆ ಸುಮಾರು 80 ಮುಚ್ಚಿಹೋಗುವುವೆಂದು ತೋರಿಸಿದರು. ಪ್ರಮಾಣವನ್ನು ಇನ್ನೂ ಏರಿಸಿದರೆ ಮುಚ್ಚುವ ಬಾಗಿಲುಗಳು ಸ್ವಲ್ಪವೇ. ಗುಣ ಕಾಣಲಿಲ್ಲವೆಂದು ಒಂದರ ಬದಲು ಎರಡು ಗುಳಿಗೆಗಳನ್ನು ತಾವಾಗಿ ನುಂಗುವವರು ಇದನ್ನು ಗಮನಿಸಬೇಕು. ಮತ್ತೊಂದು ವಿಚಿತ್ರವೇನೆಂದರೆ, ಬಾಗಿಲುಗಳು ಗುಳಿಗೆ ನುಂಗಿದ ಕೆಲವೇ ಗಂಟೆಗಳಲ್ಲಿ ಮುಚ್ಚತೊಡಗುತ್ತವೆ. ಮನಸ್ಸು ತಿಳಿಯಾಗಲು ಮಾತ್ರ ವಾರಗಳು ಬೇಕು. ಈ ನಡುವಣ ಕಾಲದಲ್ಲಿ ನಿಧಾನವಾದ ಬೇರೆ ಮಾರ್ಪಾಟುಗಳು ಮಿದುಳಿನಲ್ಲಿ ನಡೆಯಬೇಕಷ್ಟೆ. ಮೊದಲ ವಾರದಲ್ಲಿಯೇ “ಈ ಔಷಧ ನಾಟಲಿಲ್ಲ” ಎಂದು ಬಿಡುವವರೂ, ತುಸು ಗುಣವಾದೊಡನೆ ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಿ ತಲೆಸುತ್ತು ನಿದ್ರಾಭಂಗಗಳಿಂದ ಬಳಲುವವರೂ ನಮ್ಮಲ್ಲಿ ಬಹಳ.

ಇನ್ನು ಆ ಕಿಣ್ವದ ಮಾತು. 2006ರಲ್ಲಿ ಇದೇ ಟೊರಾಂಟೋ ಪಂಡಿತರು ಮಾನೋಅಮೀನ್ ಆಕ್ಸಿಡೇಸಿನ ‘ಎ’ ಎಂಬ ಬಗೆಗೆ ಅಂಟುವ ದ್ರವ್ಯವನ್ನು ಬಳಸಿ, ಕನಿಷ್ಠಪಕ್ಷ ಐದು ತಿಂಗಳಿಂದ ಔಷಧ ಸೇವಿಸದೆ ಇದ್ದ 17 ಮಂದಿ ಖಿನ್ನರನ್ನು ಅಷ್ಟೇ ಮಂದಿ ಆರೋಗ್ಯವಂತರೊಡನೆ ಹೋಲಿಸಿದರು. ಖಿನ್ನರ ಮಿದುಳಿನಲ್ಲಿ ಈ ಕಿಣ್ವವು ಸರಾಸರಿ ನೂರಕ್ಕೆ 34ರಷ್ಟು ಹೆಚ್ಚಾಗಿ ಕಂಡಿತು. ಸೀ ವ್ಯೂ ಆಸ್ಪತ್ರೆಯ ಔಷಧವು ತಡೆಯುತ್ತಿದ್ದುದು ಈ ಕಿಣ್ವವನ್ನೇ ಎಂಬುದನ್ನು ನೆನೆದರೆ ಸರಪಳಿಯ ಕೊಂಡಿಗಳು ಒಂದಕ್ಕೊಂದು ಸೇರುವಂತೆ ತೋರುತ್ತದೆ.

ಸರಾಸರಿ ಎಂಬ ಮಾತನ್ನು ಮಾತ್ರ ಬಿಡದೆ ಹಿಡಿದುಕೊಳ್ಳಬೇಕು. ಗಂಡಸರ ಸರಾಸರಿ ಎತ್ತರವು ಹೆಂಗಸರದಕ್ಕಿಂತ ಹೆಚ್ಚೆಂಬುದು ನಿರ್ವಿವಾದ. ಆದರೆ ತೆರೆಯ ಹಿಂದೆ ಐದಡಿ ಮೂರಂಗುಲದವರೊಬ್ಬರು ನಿಂತಿರುವರೆಂದು ಹೇಳಿದರೆ ಅವರು ಗಂಡಸೋ ಹೆಂಗಸೋ ಹೇಳಬಲ್ಲಿರಾ? ಮಿದುಳಿನ ಚಿತ್ರಗಳದೂ ಇದೇ ಸ್ಥಿತಿ. ಗುಂಪಿಗೂ ಗುಂಪಿಗೂ ಭೇದ ಕಾಣುತ್ತದೆ. ಒಬ್ಬೊಬ್ಬರನ್ನೇ ತೆಗೆದುಕೊಂಡರೆ ಆರೋಗ್ಯವಂತರಲ್ಲಿ ಕೆಲವರು ಖಿನ್ನರಂತೆ, ಖಿನ್ನರಲ್ಲಿ ಕೆಲವರು ಆರೋಗ್ಯವಂತರಂತೆ ಇರುವರು. ಆದಕಾರಣ ನಮ್ಮ ಪತ್ರಲೇಖಕರು ಇನ್ನಷ್ಟು ಸಾಲ ಮಾಡಿ ಪೆಟ್ ಚಿತ್ರವನ್ನು ತೆಗೆಯಿಸಿದರೂ ಮನೆಯ ಹಿರಿಯರಿಗೆ ತೋರಿಸುವಂತಹ ರುಜುವಾತು ದೊರೆಯಲಾರದು. ಆ ಹಣವು ಚಿಕಿತ್ಸೆಗೆ ಒದಗಲಿ.

ಹಿರಿಯರಿಗೆ ಹೇಳತಕ್ಕ ಸಂಗತಿಯೊಂದು ಬೇರೆಯೇ ಇದೆ. 2010ರಲ್ಲಿ ಟೊರಾಂಟೋ ಸಂಶೋಧಕರು ಪ್ರಕಟಿಸಿದ ಶೋಧನೆಯೊಂದರಲ್ಲಿ ಪರೀಕ್ಷಿಸಲ್ಪಟ್ಟವರು ರೋಗಿಗಳಲ್ಲ. ಹೆರಿಗೆಯಾಗಿ ನಾಲ್ಕರಿಂದ ಆರು ದಿನಗಳಾಗಿದ್ದ 15 ಮಂದಿ ಆರೋಗ್ಯವಂತರಾದ ಬಾಣಂತಿಯರು. ಇವರನ್ನು ಸಮೀಪಕಾಲದಲ್ಲಿ ಹೆರಿಗೆಯಾಗದ 15 ಮಂದಿ ಹೆಂಗಸರೊಡನೆ ಹೋಲಿಸಿದಾಗ, ಬಾಣಂತಿಯರ ಮಿದುಳಿನಲ್ಲಿ ಆ ಕಿಣ್ವವು ಸರಾಸರಿ ನೂರಕ್ಕೆ 43ರಷ್ಟು ಹೆಚ್ಚಾಗಿತ್ತು. ಖಿನ್ನರಲ್ಲಿ ಕಂಡ ಹೆಚ್ಚಳಕ್ಕಿಂತಲೂ ಇದು ಮಿಗಿಲು! ಕಾರಣವನ್ನೂ ಅವರು ಸೂಚಿಸಿರುವರು. ಬಸುರಿಯ ಮೈಯಲ್ಲಿ ತುಂಬಿ ತುಳುಕುವ ಈಸ್ಟ್ರೊಜೆನ್ ಎಂಬ ಹಾರ್ಮೋನು ಹೆರಿಗೆಯಾದ ಮೂರು ನಾಲ್ಕು ದಿನಗಳಲ್ಲಿ ನೂರರಲ್ಲೊಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಅದು ಇಳಿದಾಗ ಈ ಕಿಣ್ವವು ಏರುತ್ತದೆಂದೂ, ಕಿಣ್ವವು ಏರಿದಾಗ ಮನಸ್ಸನ್ನು ಹಿಡಿದುನಿಲ್ಲಿಸುವ ರಾಸಾಯನಿಕಗಳು ಬೇಗಬೇಗನೆ ಒಡೆದುಹೋಗುತ್ತವೆಂದೂ ಅವರ ವಿವರಣೆ. ಐದನೆಯ ದಿನದ ಸುಮಾರಿಗೆ ಬಾಣಂತಿಯರು ಕಾರಣವಿಲ್ಲದೆ ಕಣ್ಣೀರಿಡುವುದನ್ನು ನಮ್ಮ ಮನೆಗಳ ಮುತ್ತೈದೆಯರು ಬಲ್ಲರು. ಗಂಡುಮಗುವಾಗಲಿಲ್ಲವೆಂದು ಅಳುತ್ತಿರುವಳು, ತವರಿನವರು ಏನೋ ಅಂದಿರಬೇಕು ಎಂದು ಅದಕ್ಕೆ ಕಥೆ ಕಟ್ಟುವುದೂ ಉಂಟು. ಕಥೆಯಿಲ್ಲದೆಯೂ ಕಣ್ಣೀರು ಬರಬಹುದೆಂಬುದಕ್ಕೆ ಈ ಚಿತ್ರಗಳು ಸಾಕ್ಷಿ.

ಹೆಚ್ಚಿನ ಬಾಣಂತಿಯರಲ್ಲಿ ಈ ಅಳು ಎರಡು ವಾರಗಳೊಳಗಾಗಿ ತಾನೇ ನಿಲ್ಲುತ್ತದೆ. ಅದಕ್ಕೆ ಬೇಕಾದುದು ನಿದ್ರೆ, ಬಿಸಿಯೂಟ, ರಾತ್ರಿ ಮಗುವನ್ನು ಒಂದಷ್ಟು ಹೊತ್ತು ಎತ್ತಿಕೊಳ್ಳುವ ಇನ್ನೊಬ್ಬರು. ಕೆಲವರಲ್ಲಿ ಅದು ನಿಲ್ಲದೆ ಬೇರೂರಿ ಖಿನ್ನತೆಯಾಗುತ್ತದೆ. ಮೂರು ತಿಂಗಳಾದರೂ ತಿಳಿಯಾಗದ ಮನಸ್ಸನ್ನು ಎರಡನೆಯ ಬಗೆಯೆಂದೇ ಭಾವಿಸಿ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು. ಅವರು ಆಕೆಯೊಡನೆ ಸಾವಧಾನವಾಗಿ ಮಾತನಾಡಿ, ರಕ್ತಹೀನತೆ ಹಾಗೂ ಥೈರಾಯ್ಡ್ ಗ್ರಂಥಿಯ ದೋಷಗಳಿವೆಯೆ ಎಂದು ರಕ್ತವನ್ನು ಪರೀಕ್ಷಿಸಿಯಾರು. ಮೊಲೆಯೂಡಿಸುವ ತಾಯಿಗೆ ಒಗ್ಗುವ ಔಷಧಗಳೂ, ಮಾತಿನ ಚಿಕಿತ್ಸೆಯೂ ಉಂಟು. ಬದುಕು ಸಾಕಾಯಿತೆಂದೋ, ಮಗುವಿಗೆ ಏನಾದರೂ ಮಾಡಿಬಿಟ್ಟೇನೆಂದೋ ಆಕೆಯು ಆಡಿದರೆ, ಇಲ್ಲದ ದನಿಗಳು ಕೇಳಿಸುತ್ತವೆಂದರೆ, ಆ ದಿನವೇ ಹೊರಡಬೇಕು. ಆಕೆಯನ್ನು ಒಂಟಿಯಾಗಿ ಬಿಡಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಮಾಡುವ ವಿಭಾಗವನ್ನು 2009ರಲ್ಲಿ ತೆರೆದಿರುವರು.

ಟೊರಾಂಟೋದವರ ಇನ್ನೊಂದು ಪ್ರಯತ್ನವನ್ನೂ ಹೇಳಿಬಿಡುವೆವು. ಕಿಣ್ವವು ಏರಿರುವ ಆ ಕೆಲವು ದಿನಗಳಲ್ಲಿ, ಒಡೆದುಹೋಗುವ ರಾಸಾಯನಿಕಗಳಿಗೆ ಮೂಲವಸ್ತುವಾದ ಎರಡು ಅಮೀನೋ ಆಮ್ಲಗಳನ್ನೂ ನೀಲಿಬೆರ್ರಿ ಹಣ್ಣಿನ ಸಾರವನ್ನೂ 21 ಮಂದಿ ಬಾಣಂತಿಯರಿಗೆ ಕೊಟ್ಟು, ಐದನೆಯ ದಿನ ಪರೀಕ್ಷಿಸಿದರು. ಕೊಡದೆ ಬಿಟ್ಟ 20 ಮಂದಿಗೆ ಹೋಲಿಸಿದರೆ ಇವರ ಮನಸ್ಸು ದುಃಖದ ಸನ್ನಿವೇಶವನ್ನು ಸುಲಭವಾಗಿ ತಾಳಿಕೊಂಡಿತೆಂದು 2017ರಲ್ಲಿ ಬರೆದಿರುವರು. ತಾವು ಸೇವಿಸುತ್ತಿರುವುದೇನೆಂದು ಆ ತಾಯಂದಿರಿಗೆ ಗೊತ್ತಿತ್ತಾದುದರಿಂದ ನಂಬಿಕೆಯ ಬಲವೆಷ್ಟು, ಪದಾರ್ಥದ ಬಲವೆಷ್ಟು ಎಂದು ಬಿಡಿಸುವುದು ಕಷ್ಟ. ಇದನ್ನೋದಿ ಯಾರೂ ಅಂಗಡಿಗೆ ಓಡಿ ಪುಡಿಗಳನ್ನು ಕೊಳ್ಳದಿರಲೆಂದು ಕೋರುವೆವು.

ನಿಮ್ಹಾನ್ಸಿನವರು 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಸುಮಾರು 20 ಮಂದಿ ವಯಸ್ಕರಿಗೆ ಒಬ್ಬರಂತೆ ಜೀವಮಾನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾದವರಿರುವರೆಂದು ಕಂಡುಬಂದಿದೆ. ಸಮೀಪದಲ್ಲಿ ಮನೋವೈದ್ಯರಿಲ್ಲದ ಊರಿನವರು 2022ರ ಅಕ್ಟೋಬರಿನಲ್ಲಿ ಸರಕಾರವು ಆರಂಭಿಸಿದ ಟೆಲಿ-ಮಾನಸ್ ಎಂಬ ವ್ಯವಸ್ಥೆಯನ್ನು 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಪಡೆಯಬಹುದು. ಹಗಲುರಾತ್ರಿ ತೆರೆದಿರುವ ಈ ವ್ಯವಸ್ಥೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು, ಕರೆಗೆ ಹಣವಿಲ್ಲ.